ಡ್ಯಾಟ್ ಆಂಟಿಬಾಡಿ: ನಮ್ಮ ಬೆಂಚಿನ ಮುಂದೆ ನಿಂತು ಎಲ್ಲರೂ ಕೇಳುವ ಪ್ರಶ್ನೆಗಳು

ಮಂಗಳೂರಿನ ಒಂದು ಲ್ಯಾಬ್‌ನಲ್ಲಿ ಮೆದುಳಿನ ಸೆಕ್ಷನ್, ಅಂದರೆ ತೆಳು ಹಾಳೆ, ಕೊಯ್ಯುವುದು, ಅದಕ್ಕೆ ಬಣ್ಣ ಹಾಕುವುದು ನನ್ನ ಕೆಲಸ. ಕೊಣಾಜೆ, ದೇರಳಕಟ್ಟೆ ಕಡೆಯಿಂದ, ಕೆಲವೊಮ್ಮೆ ಮಣಿಪಾಲದಿಂದಲೂ ಪಿಎಚ್‌ಡಿ ಮಾಡುವವರು ಬರುತ್ತಾರೆ. ಡೋಪಮೈನ್ ಟ್ರಾನ್ಸ್‌ಪೋರ್ಟರ್ ಆಂಟಿಬಾಡಿ ಬಗ್ಗೆ ಹತ್ತರಲ್ಲಿ ಎಂಟು ಜನ ಕೇಳುವುದು ಇವೇ ಪ್ರಶ್ನೆಗಳನ್ನು. ಆಂಟಿಬಾಡಿ ಅಂದರೆ ಒಂದು ನಿರ್ದಿಷ್ಟ ಪ್ರೋಟೀನನ್ನು ಹುಡುಕಿ ಅಂಟುವ ವಸ್ತು. ಅದಕ್ಕೆ ಬಣ್ಣ ಬರಿಸಿದರೆ ಆ ಪ್ರೋಟೀನ್ ಎಲ್ಲಿದೆ ಎಂದು ಕಾಣುತ್ತದೆ. ಹೇಳಿ ಹೇಳಿ ಸಾಕಾಗಿ ಬರೆದಿಟ್ಟೆ.

ಡ್ಯಾಟ್ ಅಂದರೆ ಎಂತ?

ಡೋಪಮೈನ್ ಟ್ರಾನ್ಸ್‌ಪೋರ್ಟರ್ ಎಂಬ ಪ್ರೋಟೀನ್. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಮಧ್ಯದ ಸಂದಿಗೆ ಡೋಪಮೈನ್ ಬಿಡುತ್ತದೆ. ಸುದ್ದಿ ಮುಟ್ಟಿದ ಮೇಲೆ ಅದು ಅಲ್ಲೇ ನಿಂತರೆ ಗಲಾಟೆ. ಅದನ್ನು ಹಿಡಿದು ಬಿಟ್ಟ ಕೋಶಕ್ಕೇ ವಾಪಸ್ ಎಳೆದುಕೊಳ್ಳುವುದು ಡ್ಯಾಟ್ ಕೆಲಸ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸಿನ ಕಂಡಕ್ಟರ್ ರಸ್ತೆಯಲ್ಲಿ ನಿಂತವರನ್ನು ಒಳಗೆ ಹತ್ತಿಸಿಕೊಳ್ಳುವುದಿಲ್ವಾ, ಹಾಗೆ. ಆದರೆ ಇಲ್ಲಿ ಡೋಪಮೈನ್ ಒಂಟಿಯಾಗಿ ಹತ್ತುವುದಿಲ್ಲ. ಒಂದು ಡೋಪಮೈನ್ ಜೊತೆ ಎರಡು ಸೋಡಿಯಂ, ಒಂದು ಕ್ಲೋರೈಡ್ ಹತ್ತಬೇಕು. ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಕಡಿಮೆ. ಆ ವ್ಯತ್ಯಾಸವೇ ಈ ಬಸ್ಸಿನ ಡೀಸೆಲ್.

ಮನುಷ್ಯರ ಡ್ಯಾಟ್‌ನಲ್ಲಿ 620 ಅಮೈನೋ ಆಮ್ಲಗಳಿವೆ. ಅದು ಕೋಶದ ಪೊರೆಯನ್ನು 12 ಸಲ ಹೊಲಿದ ಹಾಗೆ ದಾಟುತ್ತದೆ. ಎರಡೂ ತುದಿ ಕೋಶದ ಒಳಗೇ ಉಳಿಯುತ್ತವೆ. ಈ 12 ಮತ್ತು ಈ ಎರಡು ತುದಿಗಳನ್ನು ಈಗಲೇ ನೆನಪಿಟ್ಟುಕೊಳ್ಳಿ. ಮುಂದೆ ಬರುವ ಅರ್ಧ ತಲೆನೋವು ಅಲ್ಲಿಂದಲೇ.

ಅದನ್ನು ನೋಡಿ ಏನು ಸಿಗುತ್ತದೆ?

ಡೋಪಮೈನ್ ನರಕೋಶ ಬದುಕಿದೆಯೋ ಇಲ್ಲವೋ ಎಂಬ ಗುರುತು ಸಿಗುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಜಾಗದ ಕೋಶಗಳು ಸಾಯುತ್ತವೆ. ಅವುಗಳ ಉದ್ದನೆಯ ಎಳೆಗಳ ತುದಿಗಳು ಇರುವುದು ಸ್ಟ್ರಯೇಟಂ ಎಂಬ ಇನ್ನೊಂದು ಜಾಗದಲ್ಲಿ. ಅಲ್ಲಿ ಡ್ಯಾಟ್ ಕಡಿಮೆಯಾದರೆ ತುದಿಗಳು ಹೋಗಿವೆ ಎಂದು ಊಹಿಸಬಹುದು. ಕೊಕೇನ್ ಡ್ಯಾಟ್‌ನ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಕೂಡ ಅಡ್ಡ ನಿಲ್ಲುತ್ತದೆ. ಆಂಫೆಟಮೈನ್ ಒಂದು ಹೆಜ್ಜೆ ಮುಂದೆ ಹೋಗಿ ಬಸ್ಸನ್ನು ರಿವರ್ಸ್‌ನಲ್ಲಿ ಓಡಿಸುತ್ತದೆ. 1996ರಲ್ಲಿ ಡ್ಯಾಟ್ ಜೀನ್ ತೆಗೆದ ಮೌಸ್‌ಗಳ (ಚಿಕ್ಕ ಇಲಿಗಳ) ವರದಿ ಬಂತು. ಅವು ಕೂತಲ್ಲಿ ಕೂರುವುದಿಲ್ಲ, ಓಡಾಡುತ್ತಲೇ ಇರುತ್ತವೆ. ಆ ಮೌಸ್‌ಗಳ ಮೆದುಳು ಆಂಟಿಬಾಡಿ ಪರೀಕ್ಷೆಗೆ ಚಿನ್ನ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಮೊನೊಕ್ಲೋನಲ್ ತಗೊಳ್ಳಬೇಕಾ, ಪಾಲಿಕ್ಲೋನಲ್ಲಾ?

ಪಾಲಿಕ್ಲೋನಲ್ ಅಂದರೆ ಒಂದು ಪ್ರಾಣಿಯ, ಹೆಚ್ಚಾಗಿ ಮೊಲದ, ರಕ್ತದಿಂದ ಬಂದ ನಾನಾ ಬಗೆಯ ಆಂಟಿಬಾಡಿಗಳ ಗುಂಪು. ಪ್ರೋಟೀನಿನ ಹಲವು ಜಾಗಗಳಿಗೆ ಅಂಟುವುದರಿಂದ ಸಿಗ್ನಲ್ ಚೆನ್ನಾಗಿ ಬರಬಹುದು. ಆದರೆ ಆ ಮೊಲ ಸತ್ತರೆ ಆ ಲಾಟ್ (ಒಂದು ಸಲದ ತಯಾರಿ) ಮುಗಿಯಿತು. ಹೊಸ ಲಾಟ್ ಹೊಸ ಆಂಟಿಬಾಡಿಯೇ ಎಂದುಕೊಳ್ಳಿ. ಮೊನೊಕ್ಲೋನಲ್ ಒಂದೇ ಕೋಶದ ಸಂತತಿಯಿಂದ ಬರುತ್ತದೆ. ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ತೋರಿಸಿದ ಹೈಬ್ರಿಡೋಮಾ ವಿಧಾನ ಇದು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಈ ವರ್ಷದ್ದೂ ಮುಂದಿನ ವರ್ಷದ್ದೂ ಒಂದೇ ಥರ ಇರುವ ಸಾಧ್ಯತೆ ಜಾಸ್ತಿ. ಮೂರು ವರ್ಷ ನಡೆಯುವ ಪ್ರಾಜೆಕ್ಟ್ ಆದರೆ ನಾನು ಮೊನೊಕ್ಲೋನಲ್ ಅಂತಲೇ ಹೇಳುವುದು.

ಕ್ಯಾಟಲಾಗ್‌ನಲ್ಲಿ "ಎನ್-ಟರ್ಮಿನಸ್", "ಸಿ-ಟರ್ಮಿನಸ್", "ಎರಡನೇ ಲೂಪ್" ಅಂತೆಲ್ಲ ಇದೆ. ಯಾವುದು?

ಆಂಟಿಬಾಡಿ ಅಂಟುವ ಜಾಗ ಅದು. ಎನ್, ಸಿ ಅಂದರೆ ಪ್ರೋಟೀನಿನ ಎರಡು ತುದಿಗಳು, ಲೂಪ್ ಅಂದರೆ ಎರಡು ಹೊಲಿಗೆಗಳ ನಡುವಿನ ಕುಣಿಕೆ. ಎರಡು ತುದಿಗಳೂ ಕೋಶದ ಒಳಗಿವೆ ಅಂದೆನಲ್ಲ. ಹಾಗಾಗಿ ತುದಿಗೆ ಅಂಟುವ ಆಂಟಿಬಾಡಿ ಒಳಗೆ ಹೋಗಲು ಪೊರೆಯಲ್ಲಿ ತೂತು ಬೇಕು. ಆ ತೂತು ಮಾಡುವ ಟ್ರೈಟಾನ್ ಎಂಬ ಸೋಪಿನಂಥ ವಸ್ತು ಹಾಕದೆ "ಬಣ್ಣ ಬರಲಿಲ್ಲ" ಎಂದು ಬರುವವರು ವರ್ಷಕ್ಕೆ ಇಬ್ಬರಾದರೂ ಇರುತ್ತಾರೆ. ಎರಡನೇ ಲೂಪ್ (ಹೊರಗಿನ ಲೂಪ್‌ಗಳಲ್ಲಿ ಎರಡನೆಯದು) ಕೋಶದ ಹೊರಗಿದೆ, ದೊಡ್ಡದೂ ಹೌದು. ಜೀವಂತ ಕೋಶದ ಮೇಲ್ಮೈಯಲ್ಲಿ ಎಷ್ಟು ಡ್ಯಾಟ್ ಇದೆ ಎಂದು ನೋಡಬೇಕಾದರೆ ಹೊರಗಿನ ಜಾಗಕ್ಕೆ ಅಂಟುವಂಥದ್ದೇ ಬೇಕು. ಆದರೆ ಸಕ್ಕರೆ ಸರಪಳಿಗಳು ಅಂಟಿಕೊಂಡಿರುವುದೂ ಅದೇ ಲೂಪಿನಲ್ಲಿ. ಸಕ್ಕರೆ ಅಡ್ಡ ಬಂದು ಆಂಟಿಬಾಡಿಗೆ ಜಾಗ ಸಿಗದೆ ಇರಬಹುದು.

ಫ್ರೀ-ಫ್ಲೋಟಿಂಗ್, ಅಂದರೆ ಸ್ಲೈಡಿಗೆ ಅಂಟಿಸದೆ ದ್ರಾವಣದಲ್ಲೇ ತೇಲಿಸಿ ಬಣ್ಣ ಹಾಕುವ, ಸೆಕ್ಷನ್‌ಗೆ ನನ್ನ ಆಯ್ಕೆ ಎನ್-ಟರ್ಮಿನಸ್. ಮನುಷ್ಯರ ಡ್ಯಾಟ್‌ನ ಈ ತುದಿಯ ವಿರುದ್ಧ ರ‍್ಯಾಟ್‌ನಲ್ಲಿ ಮಾಡಿದ ಮೊನೊಕ್ಲೋನಲ್ ಬಹಳ ವರ್ಷದಿಂದ ಬಳಕೆಯಲ್ಲಿದೆ.

ಪ್ರೋಟೀನಿನ ಆಕಾರ ಕಣ್ಣಾರೆ ನೋಡಿಕೊಂಡರೆ ಇದೆಲ್ಲ ಬೇಗ ತಲೆಗೆ ಹೋಗುತ್ತದೆ. ಹಣ್ಣಿನ ನೊಣದ ಡ್ಯಾಟ್ ರಚನೆ 2013ರಲ್ಲಿ ಪ್ರಕಟವಾಯಿತು. ಅದರ ಮೊದಲ ಲೇಖಕ ಅರವಿಂದ ಪೆನ್ಮತ್ಸ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮನುಷ್ಯರ ಡ್ಯಾಟ್ ರಚನೆ 2024ರಲ್ಲಿ ಬಂತು. ಎರಡೂ ಪುಕ್ಕಟೆ ಸಿಗುತ್ತವೆ. ಒಮ್ಮೆ ತಿರುಗಿಸಿ ನೋಡಿ.

ರ‍್ಯಾಟ್‌ನಲ್ಲಿ ಮಾಡಿದ ಆಂಟಿಬಾಡಿಯನ್ನು ರ‍್ಯಾಟ್ ಮೆದುಳಿಗೆ ಹಾಕಬಹುದಾ?

ಕನ್ನಡದಲ್ಲಿ ಎರಡಕ್ಕೂ ಇಲಿ ಅನ್ನುತ್ತೇವೆ. ಲ್ಯಾಬ್‌ನಲ್ಲಿ ಹಾಗೆ ಹೇಳಿದರೆ ಕೆಲಸ ಕೆಟ್ಟಿತು. ಹಾಗಾಗಿ ಇಲ್ಲಿ ದೊಡ್ಡದು ರ‍್ಯಾಟ್, ಚಿಕ್ಕದು ಮೌಸ್.

ಡ್ಯಾಟ್‌ಗೆ ಅಂಟುವ ಮೊದಲ ಆಂಟಿಬಾಡಿ ಪ್ರೈಮರಿ. ಆ ಪ್ರೈಮರಿ ಯಾವ ಪ್ರಾಣಿಯದ್ದೋ ಆ ಪ್ರಾಣಿಯ ಆಂಟಿಬಾಡಿಗೆ ಅಂಟಿ ಬಣ್ಣ ಬರಿಸುವುದು ಸೆಕೆಂಡರಿ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಇದೇ ಎಡವಟ್ಟು ಮಾಡಿದ್ದೆ. ರ‍್ಯಾಟ್ ಮೆದುಳು, ರ‍್ಯಾಟ್ ಆಂಟಿಬಾಡಿ, ಮೇಲೆ ಆಂಟಿ-ರ‍್ಯಾಟ್ ಸೆಕೆಂಡರಿ. ಮೈಕ್ರೋಸ್ಕೋಪ್ ಅಡಿ ಇಟ್ಟರೆ ಇಡೀ ಸೆಕ್ಷನ್ ದೀಪಾವಳಿ. ಖುಷಿಯಲ್ಲಿ ನಮ್ಮ ಮೇಡಂ ಅವರನ್ನು ಕರೆದೆ. ಅವರು ಎರಡು ಸೆಕೆಂಡ್ ನೋಡಿ, "ರಕ್ತನಾಳ ಯಾಕೆ ಹೊಳೆಯುತ್ತಿದೆ?" ಅಂದರು. ಹೌದು, ಹೊಳೆಯುತ್ತಿದ್ದದ್ದು ರಕ್ತನಾಳಗಳೇ. ಸೆಕೆಂಡರಿ ನನ್ನ ಪ್ರೈಮರಿಯನ್ನು ಮಾತ್ರ ಹುಡುಕಲಿಲ್ಲ. ಮೆದುಳಿನಲ್ಲಿ ಉಳಿದಿದ್ದ ಆ ಪ್ರಾಣಿಯದ್ದೇ ಆಂಟಿಬಾಡಿಗಳಿಗೂ ಹೋಗಿ ಅಂಟಿತ್ತು.

ರ‍್ಯಾಟ್ ಮೆದುಳಿಗೆ ಮೊಲದಲ್ಲಿ ಮಾಡಿದ ಪ್ರೈಮರಿ ಹುಡುಕಿ. ಮೌಸ್ ಮೆದುಳಿಗೆ ರ‍್ಯಾಟ್ ಪ್ರೈಮರಿ ನಡೆಯುತ್ತದೆ, ಆದರೆ ಅಲ್ಲೂ ಒಂದು ಗುಂಡಿ ಇದೆ. ಈ ಎರಡು ಪ್ರಾಣಿಗಳ ಆಂಟಿಬಾಡಿಗಳು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. "ಮೌಸ್-ಅಡ್ಸಾರ್ಬ್ಡ್" ಎಂದು ಬರೆದಿರುವ, ಅಂದರೆ ಮೌಸ್ ಆಂಟಿಬಾಡಿಗೆ ಅಂಟುವವನ್ನು ಮೊದಲೇ ತೆಗೆದ, ಸೆಕೆಂಡರಿಯನ್ನೇ ತರಿಸಿ. ಮತ್ತೆ, ಪ್ರೈಮರಿ ಹಾಕದೆ ಬರೀ ಸೆಕೆಂಡರಿ ಹಾಕಿದ ಒಂದು ಸೆಕ್ಷನ್ ಪ್ರತಿ ಸಲ ಇರಲಿ. ಅವತ್ತು ಅದೊಂದು ಇದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಡಬ್ಬಿ ಮೇಲೆ "ವ್ಯಾಲಿಡೇಟೆಡ್" ಅಂತ ಉಂಟಲ್ಲ, ಸಾಲದಾ?

ಸಾಲದು. ಯಾವ ಪ್ರಾಣಿ, ಯಾವ ವಿಧಾನ, ಯಾವ ಫಿಕ್ಸೇಶನ್ (ಅಂಗಾಂಶ ಕೆಡದಂತೆ ರಾಸಾಯನಿಕದಿಂದ ಕಟ್ಟಿಹಾಕುವುದು) ಎಂದು ಕೇಳಿ. ವೆಸ್ಟರ್ನ್ ಬ್ಲಾಟ್ ಅಂದರೆ ಅರೆದ ಅಂಗಾಂಶದ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿ ಹಾಕುವುದು, ಪ್ರೋಟೀನ್ ಒಂದು ಪಟ್ಟಿಯಾಗಿ (ಬ್ಯಾಂಡ್) ಕಾಣುತ್ತದೆ. ಅಲ್ಲಿ ಪ್ರೋಟೀನ್ ಬಿಚ್ಚಿಕೊಂಡು ಉದ್ದಕ್ಕೆ ಮಲಗಿರುತ್ತದೆ. ಸೆಕ್ಷನ್‌ನಲ್ಲಿ ಫಾರ್ಮಾಲ್ಡಿಹೈಡ್ ಅದನ್ನು ಮಡಚಿದ ಹಾಗೇ ಕಟ್ಟಿಹಾಕಿರುತ್ತದೆ. ಒಂದರಲ್ಲಿ ಗೆದ್ದ ಆಂಟಿಬಾಡಿ ಇನ್ನೊಂದರಲ್ಲಿ ಸೋಲುವುದು ದಿನಾ ನಡೆಯುವ ಕಥೆ.

ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ಡ್ಯಾಟ್ ಇಲ್ಲದ ಮೌಸ್‌ನ ಮೆದುಳು. ಅಲ್ಲಿ ಬಣ್ಣ ಬಂದರೆ ಅದು ಡ್ಯಾಟ್ ಅಲ್ಲ, ಮುಗಿಯಿತು. ಆದರೆ ಆ ಮೌಸ್ ನಮ್ಮಲ್ಲಿ ಎಲ್ಲರಿಗೂ ಸಿಗುವುದಿಲ್ಲ. ಇಲ್ಲದಿದ್ದರೆ ಮೆದುಳಿನ ನಕ್ಷೆಯನ್ನೇ ಕಂಟ್ರೋಲ್, ಅಂದರೆ ಹೋಲಿಸಿ ನೋಡುವ ಅಳತೆಗೋಲು, ಮಾಡಿಕೊಳ್ಳಿ. ಸ್ಟ್ರಯೇಟಂ ದಟ್ಟವಾಗಿ ಬರಬೇಕು. ಅದರ ಮೇಲೆ ಕಾರ್ಪಸ್ ಕಲೋಸಂ ಬಿಳಿಯಾಗಿ ಉಳಿಯಬೇಕು. ಸೆರಿಬೆಲಂ ಖಾಲಿ ಕಾಣಬೇಕು. ಕಾರ್ಟೆಕ್ಸ್ ಪೂರ್ತಿ ಸ್ಟ್ರಯೇಟಂನಷ್ಟೇ ಕಪ್ಪಾಗಿದ್ದರೆ ಅನುಮಾನ ಪಡಿ.

ನನಗೆ ತುಂಬಾ ಇಷ್ಟವಾದ ಕಂಟ್ರೋಲ್ ಇನ್ನೊಂದಿದೆ. ರ‍್ಯಾಟ್ ಮೆದುಳಿನ ಒಂದೇ ಬದಿಗೆ 6-ಹೈಡ್ರಾಕ್ಸಿಡೋಪಮೈನ್ ಎಂಬ ವಿಷ ಕೊಟ್ಟ ಪ್ರಾಣಿಯ ಸೆಕ್ಷನ್. ಆ ಬದಿಯ ಡೋಪಮೈನ್ ತುದಿಗಳು ಸತ್ತಿರುತ್ತವೆ, ಇನ್ನೊಂದು ಬದಿ ಸರಿಯಾಗಿರುತ್ತದೆ. ಒಂದೇ ಸೆಕ್ಷನ್, ಒಂದೇ ಬಾವಿ (ಸೆಕ್ಷನ್ ಮುಳುಗಿಸುವ ತಟ್ಟೆಯ ಕುಳಿ), ಒಂದೇ ಆಂಟಿಬಾಡಿ. ಬಲಕ್ಕೆ ಕಪ್ಪು, ಎಡಕ್ಕೆ ಖಾಲಿ. ನೆಪ ಹೇಳಲು ಜಾಗವೇ ಇಲ್ಲ. ಇದರಲ್ಲಿ ಒಂದು ತಮಾಷೆಯೂ ಇದೆ. ಆ ವಿಷ ಕೋಶದೊಳಗೆ ಹೋಗುವುದು ಡ್ಯಾಟ್ ಮೂಲಕವೇ. ಕಂಡಕ್ಟರ್ ಕಳ್ಳನನ್ನೂ ಕೈಹಿಡಿದು ಹತ್ತಿಸಿಕೊಂಡ ಹಾಗೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಟ್ಟ ಡ್ರಗ್ ಚುಚ್ಚಿಕೊಂಡ ಕೆಲವು ಯುವಕರಿಗೆ ಇದ್ದಕ್ಕಿದ್ದಂತೆ ಪಾರ್ಕಿನ್ಸನ್ ಥರ ಮೈ ಮರಗಟ್ಟಿತು. ಅದರಲ್ಲಿದ್ದ ಎಂಪಿಟಿಪಿ ಎಂಬ ವಸ್ತು ಮೆದುಳಿನಲ್ಲಿ ರೂಪ ಬದಲಿಸಿ ಇದೇ ಬಾಗಿಲಿನಿಂದ ಒಳಗೆ ನುಗ್ಗಿತ್ತು.

ಬ್ಲಾಕಿಂಗ್ ಪೆಪ್ಟೈಡ್, ಅಂದರೆ ಆಂಟಿಬಾಡಿ ಅಂಟುವ ಪ್ರೋಟೀನಿನ ತುಂಡನ್ನೇ, ಹಾಕಿದಾಗ ಬಣ್ಣ ಹೋದರೆ ಸಾಕು ಎಂದು ಕೆಲವರು ಬರೆಯುತ್ತಾರೆ. ಆಂಟಿಬಾಡಿ ಆ ಪೆಪ್ಟೈಡಿಗೆ ಅಂಟುತ್ತದೆ ಎಂಬುದಷ್ಟೇ ಅದರಿಂದ ಗೊತ್ತಾಗುವುದು. ಮೆದುಳಿನಲ್ಲಿ ಅದು ಬೇರೆ ಯಾವುದಕ್ಕೂ ಅಂಟುತ್ತಿಲ್ಲ ಎಂದು ಅದು ಹೇಳುವುದಿಲ್ಲ.

ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್‌ಗೂ ಅಂಟಿಬಿಡುತ್ತದಾ?

ಒಂದೇ ಕುಟುಂಬ. ಡ್ಯಾಟ್‌ನ ಜೀನ್ ಎಸ್‌ಎಲ್‌ಸಿ6ಎ3, ಪಕ್ಕದ ಎ2 ನಾರ್‌ಅಡ್ರಿನಾಲಿನ್‌ದು, ಎ4 ಸೆರೊಟೋನಿನ್‌ದು. ಪೊರೆಯೊಳಗಿನ ಭಾಗ ಮೂರರಲ್ಲೂ ಹತ್ತಿರ ಹತ್ತಿರ. ತುದಿಗಳು ಜಾಸ್ತಿ ಬೇರೆ. ತುದಿಯ ಆಂಟಿಬಾಡಿ ಆರಿಸಲು ಇದೂ ಒಂದು ಕಾರಣ.

ವೆಸ್ಟರ್ನ್ ಬ್ಲಾಟ್‌ನಲ್ಲಿ ಬ್ಯಾಂಡೇ ಇಲ್ಲ. ಮೇಲೆ ಬಾವಿಯ (ಜೆಲ್‌ನಲ್ಲಿ ಸ್ಯಾಂಪಲ್ ಹಾಕುವ ಕುಳಿಯ) ಹತ್ತಿರ ಮಸಿ ಬಳಿದ ಹಾಗಿದೆ. ಯಾಕೆ?

ಸ್ಯಾಂಪಲ್ ಕುದಿಸಿದಿರಾ?

ಇದಕ್ಕೆ ಎಲ್ಲರೂ ಹೌದು ಅನ್ನುತ್ತಾರೆ. ಪಾಪ, ಪಾಠದಲ್ಲಿ ಹಾಗೇ ಹೇಳಿಕೊಟ್ಟಿರುತ್ತಾರೆ: 95 ಡಿಗ್ರಿ, ಐದು ನಿಮಿಷ. ಆಕ್ಟಿನ್‌ನಂಥ, ಪೊರೆಯೊಳಗಿಲ್ಲದ ಪ್ರೋಟೀನ್‌ಗೆ ಅದು ಸರಿ. ಡ್ಯಾಟ್ ಪೊರೆಯನ್ನು 12 ಸಲ ದಾಟುವ ಪ್ರೋಟೀನ್, ಅದರ ಬಹುಪಾಲು ಎಣ್ಣೆಯ ಗುಣದ್ದು. ಕುದಿಸಿದರೆ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಮೊಟ್ಟೆಯ ಬಿಳಿ ಕುದಿದು ಗಟ್ಟಿಯಾಯಿತು ಎಂದುಕೊಳ್ಳಿ. ಆಮೇಲೆ ಅದು ಜೆಲ್‌ನ ಬಾಗಿಲಲ್ಲೇ ಕೂತುಬಿಡುತ್ತದೆ.

ನಾವು ಮಾಡುವುದು ಹೀಗೆ. ಸ್ಟ್ರಯೇಟಂ ಮಾತ್ರ ಕಿತ್ತುಕೊಳ್ಳಿ, ಇಡೀ ಮೆದುಳು ಅರೆದರೆ ಡ್ಯಾಟ್ ತೆಳುವಾಗಿ ಕಾಣದೆ ಹೋಗುತ್ತದೆ. ಐಸ್ ಮೇಲೆ, ಪ್ರೋಟಿಯೇಸ್ ಇನ್ಹಿಬಿಟರ್ ಹಾಕಿದ ಬಫರ್‌ನಲ್ಲಿ ಅರೆಯಿರಿ. ಸಾಧ್ಯವಾದರೆ ಪೊರೆಯ ಭಾಗವನ್ನು ಬೇರೆ ಮಾಡಿ. ಸ್ಯಾಂಪಲ್ ಬಫರ್ ಸೇರಿಸಿದ ಮೇಲೆ 37 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಡಿ, ಅಷ್ಟೇ. ಬಾವಿಗೆ 20ರಿಂದ 30 ಮೈಕ್ರೋಗ್ರಾಂ ಸಾಕು. ಪಕ್ಕದಲ್ಲಿ ಅದೇ ಪ್ರಾಣಿಯ ಸೆರಿಬೆಲಂ ಇರಲಿ. ಕುದಿಸಿದ್ದು ಮತ್ತು ಕುದಿಸದ್ದು ಅಕ್ಕಪಕ್ಕ ಒಂದು ಸಲ ಓಡಿಸಿ ನೋಡಿ. ಆಮೇಲೆ ಜನ್ಮದಲ್ಲಿ ಕುದಿಸುವುದಿಲ್ಲ.

ಲೆಕ್ಕದ ಪ್ರಕಾರ 68 ಕಿಲೋಡಾಲ್ಟನ್ ಇರಬೇಕು. ನನಗೆ 80ರ ಹತ್ತಿರ ಬಂತು. ತಪ್ಪಾ?

ತಪ್ಪಲ್ಲ. 68 ಅನ್ನುವುದು ಬರೀ ಅಮೈನೋ ಆಮ್ಲಗಳ ತೂಕ. ಮೆದುಳಿನ ಡ್ಯಾಟ್ ಸಕ್ಕರೆ ಹೊತ್ತುಕೊಂಡಿರುತ್ತದೆ, ಹಾಗಾಗಿ 75–85ರ ಸುಮಾರಿಗೆ ಅಗಲವಾಗಿ, ಅಂಚು ಮಸುಕಾಗಿ ಬರುತ್ತದೆ. ಗೆರೆ ಎಳೆದ ಹಾಗೆ ತೆಳುವಾದ, ಚೂಪಾದ ಬ್ಯಾಂಡ್ ಬಂದರೆ ನನಗೇ ಡೌಟು. ಪಿಎನ್‌ಜಿಏಸ್ ಎಫ್ ಎಂಬ ಕಿಣ್ವ ಹಾಕಿ ಸಕ್ಕರೆ ಕತ್ತರಿಸಿದರೆ ಬ್ಯಾಂಡ್ ಕೆಳಗಿಳಿಯಬೇಕು. ಇಳಿದರೆ ನೆಮ್ಮದಿ. ಬೆಳೆಸಿದ ಕೋಶಗಳಲ್ಲಿ ಕೆಳಗೆ ಇನ್ನೊಂದು ಬ್ಯಾಂಡ್ ಕಾಣುವುದುಂಟು. ಅದು ಸಕ್ಕರೆ ಪೂರ್ತಿ ಹತ್ತದ, ಇನ್ನೂ ಬಲಿಯದ ಡ್ಯಾಟ್.

ಸೆಕ್ಷನ್ ಹೇಗೆ ತಯಾರು ಮಾಡಬೇಕು?

ಪರ್ಫ್ಯೂಷನ್ (ಪ್ರಾಣಿಯ ರಕ್ತನಾಳಗಳಲ್ಲಿ ದ್ರಾವಣ ಹರಿಸುವುದು) ಸರಿಯಾಗದಿದ್ದರೆ ಆಮೇಲೆ ಏನು ಮಾಡಿದರೂ ಅಷ್ಟಕ್ಕಷ್ಟೇ. ಮೊದಲು ಪಿಬಿಎಸ್ ಎಂಬ ಉಪ್ಪುನೀರಿನ ಬಫರ್ ಹರಿಸಿ ರಕ್ತ ತೆಗೆಯಬೇಕು. ಲಿವರ್ ನೋಡುತ್ತಿರಿ. ಕಡುಗೆಂಪು ಬಣ್ಣ ಹೋಗಿ ಬಿಳಿಚಿಕೊಂಡರೆ ರಕ್ತ ಹೋಗಿದೆ. ಆಮೇಲೆ 4% ಪ್ಯಾರಾಫಾರ್ಮಾಲ್ಡಿಹೈಡ್. ರಕ್ತ ಉಳಿದರೆ ಕೆಂಪು ಕಣಗಳ ಪೆರಾಕ್ಸಿಡೇಸ್‌ನಿಂದ ಡಿಎಬಿ (ಪೆರಾಕ್ಸಿಡೇಸ್ ಇದ್ದಲ್ಲಿ ಕಂದಾಗುವ ವಸ್ತು) ಹಾಕಿದಾಗ ಎಲ್ಲೆಂದರಲ್ಲಿ ಕಂದು ಚುಕ್ಕೆ ಬೀಳುತ್ತದೆ.

ಮೆದುಳು ತೆಗೆದು ಅದೇ ದ್ರಾವಣದಲ್ಲಿ ಒಂದು ರಾತ್ರಿ ಇಡಿ. ವಾರಗಟ್ಟಲೆ ಮರೆತುಬಿಡಬೇಡಿ, ಆಂಟಿಬಾಡಿಗೆ ಅಂಟುವ ಜಾಗವೇ ಮುಚ್ಚಿಹೋಗುತ್ತದೆ. ನಂತರ 30% ಸಕ್ಕರೆ ನೀರು. ಹಾಕಿದಾಗ ಮೆದುಳು ತೇಲುತ್ತದೆ. ಎರಡು ಮೂರು ದಿನಕ್ಕೆ ತಳ ಸೇರುತ್ತದೆ. ತಳ ಸೇರುವ ಮೊದಲೇ ಫ್ರೀಜ್ ಮಾಡಿದರೆ ಒಳಗೆ ಐಸ್ ಹರಳು ಕಟ್ಟಿ ಸೆಕ್ಷನ್ ತೂತು ತೂತು, ನೀರ್‌ದೋಸೆ ಥರ.

ಕ್ರಯೋಸ್ಟಾಟ್ ಎಂಬ ತಣ್ಣನೆಯ ಕೊಯ್ಯುವ ಯಂತ್ರದಲ್ಲಿ 30ರಿಂದ 40 ಮೈಕ್ರಾನ್ ದಪ್ಪಕ್ಕೆ ಕೊಯ್ಯಿರಿ. ಅಮ್ಮ ಪತ್ರೊಡೆ ಸುರುಳಿ ಕೊಯ್ಯುವುದನ್ನು ನೋಡಿದವರಿಗೆ ಇದು ಬೇಗ ಬರುತ್ತದೆ. ಬಿಸಿ ಇದ್ದಾಗ ಕೊಯ್ದರೆ ಬಿಚ್ಚಿಹೋಗುತ್ತದೆ, ತಣಿದ ಮೇಲೆ ಒಂದೇ ಏಟಿಗೆ ಸರಿಯಾಗಿ ಬರುತ್ತದೆ. ಇಲ್ಲೂ ತಾಪಮಾನದ್ದೇ ಆಟ. ಬ್ಲಾಕ್ ಮೆತ್ತಗಿದ್ದರೆ ಸೆಕ್ಷನ್ ಮುದ್ದೆ, ಜಾಸ್ತಿ ತಣ್ಣಗಿದ್ದರೆ ಚೂರು ಚೂರು. ಮೈನಸ್ 20ರ ಆಸುಪಾಸಿನಲ್ಲಿ ಶುರು ಮಾಡಿ, ಬ್ಲೇಡಿನ ಸದ್ದು ಕೇಳಿ ಒಂದೆರಡು ಡಿಗ್ರಿ ಆಚೀಚೆ ಮಾಡಿಕೊಳ್ಳಿ.

ಎಷ್ಟು ಡೈಲ್ಯೂಟ್ ಮಾಡಲಿ? ದುಡ್ಡಿಲ್ಲ ಸರ್.

ಗೊತ್ತು ಮಾರಾಯ್ರೆ. 100 ಮೈಕ್ರೋಲೀಟರ್ ಅಂದರೆ ಹೆಚ್ಚುಕಡಿಮೆ ಎರಡು ಹನಿ, ಬೆಲೆ ಹತ್ತಾರು ಸಾವಿರ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಬಾವಿಗೆ 500 ಮೈಕ್ರೋಲೀಟರ್ ಬೇಕು ಅಂದುಕೊಳ್ಳಿ. 1:1000ಕ್ಕೆ ಅರ್ಧ ಮೈಕ್ರೋಲೀಟರ್ ಸಾಕು. ಅಂದರೆ ಆ ಎರಡು ಹನಿಯಲ್ಲಿ 200 ಬಾವಿ. ಮೊದಲ ದಿನವೇ 1:250, 1:500, 1:1000, 1:2000 ನಾಲ್ಕನ್ನೂ ಪರೀಕ್ಷೆ ಮಾಡಿ. ಜಾಸ್ತಿ ಹಾಕಿದರೆ ಜಾಸ್ತಿ ಚೆಂದ ಬರುತ್ತದೆ ಎಂಬುದು ಸುಳ್ಳು, ಹಿನ್ನೆಲೆಯೂ ಕಪ್ಪಾಗುತ್ತದೆ. ನಮ್ಮಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ, ಮೆಲ್ಲಗೆ ಅಲುಗಾಡುವ ಶೇಕರ್ ಮೇಲೆ. ಬಫರ್‌ನಲ್ಲಿ 0.3% ಟ್ರೈಟಾನ್, ಸೆಕೆಂಡರಿ ಯಾವ ಪ್ರಾಣಿಯದ್ದೋ ಅದೇ ಪ್ರಾಣಿಯ ಸೀರಂ.

ಬಳಸಿದ ಆಂಟಿಬಾಡಿಯನ್ನು ಮತ್ತೆ ಬಳಸಬಹುದಾ ಅಂತಲೂ ಕೇಳುತ್ತಾರೆ. ಬ್ಲಾಟ್‌ಗೆ ಒಂದೆರಡು ಸಲ ನಾವೂ ಬಳಸಿದ್ದೇವೆ. ಅಳತೆ ಮಾಡುವ ಸೆಕ್ಷನ್‌ಗೆ ಬೇಡವೇ ಬೇಡ.

ಅಜೈಡ್ ಹಾಕಿದರೆ ಆಂಟಿಬಾಡಿ ಕೆಡುವುದಿಲ್ಲ ಅಂತಾರೆ. ಎಲ್ಲ ಬಫರ್‌ಗೂ ಹಾಕಿಬಿಡಲಾ?

ಬೇಡ. ಅದು ಬೂಷ್ಟು ತಡೆಯುತ್ತದೆ ನಿಜ, ಆದರೆ ಸೆಕೆಂಡರಿಗೆ ಅಂಟಿಸಿರುವ, ಡಿಎಬಿಯನ್ನು ಕಂದಾಗಿಸುವ ಎಚ್‌ಆರ್‌ಪಿ ಎಂಬ ಪೆರಾಕ್ಸಿಡೇಸ್ ಕಿಣ್ವವನ್ನೂ ಕೊಲ್ಲುತ್ತದೆ. ಎಚ್‌ಆರ್‌ಪಿ ಸೆಕೆಂಡರಿಯಲ್ಲೋ ಅದರ ನಂತರದ ತೊಳೆಯುವ ಬಫರ್‌ನಲ್ಲೋ ಅಜೈಡ್ ಇದ್ದರೆ ಡಿಎಬಿ ಕಂದಾಗುವುದೇ ಇಲ್ಲ. ವಿಷವೂ ಹೌದು.

ಫ್ರಿಜ್‌ನಲ್ಲಿಡಬೇಕಾ, ಫ್ರೀಜರ್‌ನಲ್ಲಾ? ಕರೆಂಟ್ ಹೋದರೆ?

ಜೊತೆಗೆ ಬಂದ ಚೀಟಿ ಓದಿ, ಒಂದೊಂದು ಒಂದೊಂದು ಥರ. ಸಾಮಾನ್ಯವಾಗಿ ಬಂದ ದಿನವೇ 5–10 ಮೈಕ್ರೋಲೀಟರ್‌ನಂತೆ ಚಿಕ್ಕ ಟ್ಯೂಬ್‌ಗಳಿಗೆ ಹಂಚಿ ಮೈನಸ್ 20ರಲ್ಲಿ ಇಡುತ್ತೇವೆ. ಒಂದು ಟ್ಯೂಬ್ ಕರಗಿಸಿದರೆ ಮತ್ತೆ ಫ್ರೀಜ್ ಮಾಡುವುದಿಲ್ಲ, 4 ಡಿಗ್ರಿಯಲ್ಲಿಟ್ಟು ಬೇಗ ಮುಗಿಸುತ್ತೇವೆ. ಮುಚ್ಚಳ ತೆಗೆಯುವ ಮುಂಚೆ ಒಮ್ಮೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ. ನಿಮ್ಮ ಎರಡು ಹನಿಯಲ್ಲಿ ಅರ್ಧ ಮುಚ್ಚಳದಲ್ಲೇ ಅಂಟಿಕೊಂಡಿರುತ್ತದೆ.

ಯಾರೂ ಹೇಳದ ವಿಷಯ ಒಂದಿದೆ. "ಫ್ರಾಸ್ಟ್-ಫ್ರೀ" ಎಂಬ ಮನೆಬಳಕೆಯ ಫ್ರೀಜರ್ ಬೇಡ. ಹಿಮ ಕಟ್ಟದಿರಲು ಅದು ಆಗಾಗ ತಾನೇ ಬಿಸಿಯಾಗುತ್ತದೆ. ನಿಮ್ಮ ಆಂಟಿಬಾಡಿ ದಿನವೂ ಸ್ವಲ್ಪ ಕರಗಿ ಮತ್ತೆ ಹೆಪ್ಪುಗಟ್ಟುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಮೇ ತಿಂಗಳ ಗುಡುಗು ಮಳೆಗೆ ಇಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಬಾಗಿಲು ತೆರೆಯಬೇಡಿ. ಟ್ಯೂಬ್ ಪೆಟ್ಟಿಗೆಯ ಸುತ್ತ ಜೆಲ್ ಪ್ಯಾಕ್ ತುಂಬಿಡಿ. ಅರ್ಧ ಗ್ಲಿಸರಾಲ್ ಇರುವ ಆಂಟಿಬಾಡಿ ಮೈನಸ್ 20ರಲ್ಲಿ ಹೆಪ್ಪುಗಟ್ಟುವುದೇ ಇಲ್ಲ, ಹಾಗಾಗಿ ಅದಕ್ಕೆ ಇಷ್ಟು ಭಯ ಬೇಡ.

ಪಾರ್ಸೆಲ್ ತಡವಾಗಿ, ಬೆಚ್ಚಗೆ ಬಂತು. ಎಸೆಯಬೇಕಾ?

ಎಸೆಯಬೇಡಿ. ಒಂದು ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ನಮ್ಮ ಪೆಟ್ಟಿಗೆ ಆಚೆ ಬದಿಯಲ್ಲೇ ಉಳಿಯಿತು. ಮೂರು ದಿನ ತಡವಾಗಿ ಬಂದಾಗ ಥರ್ಮೊಕೋಲ್ ಮೆತ್ತಗಾಗಿತ್ತು, ಜೆಲ್ ಪ್ಯಾಕ್ ಕೈಗೆ ನೀರಿನ ಚೀಲದ ಹಾಗೆ. ಫೋನಿನಲ್ಲಿ ಜಗಳ ಆಡಿಯಾಯಿತು. ಕೊನೆಗೆ ಹಳೆಯ ಟ್ಯೂಬಿನ ಜೊತೆ ಅಕ್ಕಪಕ್ಕ ಓಡಿಸಿದೆ. ಸ್ಟ್ರಯೇಟಂ ಎರಡರಲ್ಲೂ ಒಂದೇ ಥರ ಬಂತು. ಆಂಟಿಬಾಡಿ ನಾವು ಅಂದುಕೊಂಡಷ್ಟು ನಾಜೂಕಲ್ಲ, ಕೆಲವು ದಿನದ ಬಿಸಿ ತಡೆಯುತ್ತದೆ. ಅದನ್ನು ಕೆಡಿಸುವುದು ಪದೇ ಪದೇ ಫ್ರೀಜ್ ಮಾಡಿ ಕರಗಿಸುವುದು. ಆದರೂ ಪರೀಕ್ಷೆ ಮಾಡದೆ ನಂಬಬೇಡಿ, ಪೆಟ್ಟಿಗೆ ತೆರೆಯುವಾಗಲೇ ಫೋಟೋ ತೆಗೆದು ಮಾರಿದವರಿಗೆ ತಿಳಿಸಿ. ಮಳೆಗಾಲದಲ್ಲಿ ಗುರುವಾರ, ಶುಕ್ರವಾರ ಹೊರಡುವ ಪಾರ್ಸೆಲ್‌ಗೆ ಒಪ್ಪಬೇಡಿ, ಭಾನುವಾರ ಅದು ಯಾವುದೋ ಗೋಡೌನಿನಲ್ಲಿ ಕೂರುತ್ತದೆ.

ಮಳೆಗಾಲದ ಮಾತು ಬಂದದ್ದಕ್ಕೆ ಇನ್ನೊಂದು: ಸ್ಲೈಡ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇರಲಿ, ಮೈಕ್ರೋಸ್ಕೋಪ್ ಲೆನ್ಸ್‌ಗೂ. ನಮ್ಮ ಕರಾವಳಿಯ ಗಾಳಿಯಲ್ಲಿ ಲೆನ್ಸ್ ಮೇಲೆ ಬೂಷ್ಟು ಬೆಳೆಯುತ್ತದೆ, ಆಮೇಲೆ ಮಂಜು ಮಂಜಾದ ಚಿತ್ರಕ್ಕೆ ಆಂಟಿಬಾಡಿಯನ್ನು ಬೈಯುತ್ತೀರಿ.

ವಯಸ್ಸಾದ ಪ್ರಾಣಿಯ ಮೆದುಳಿನಲ್ಲಿ ಎಲ್ಲ ಬಣ್ಣದಲ್ಲೂ ಚುಕ್ಕೆ ಹೊಳೆಯುತ್ತಿದೆ.

ಲಿಪೊಫಸಿನ್. ಮುದಿ ಕೋಶಗಳಲ್ಲಿ ಸೇರಿಕೊಳ್ಳುವ ಕಸ, ತಾನಾಗೇ ಹೊಳೆಯುತ್ತದೆ. ಏನೂ ಹಾಕದ ಸೆಕ್ಷನ್‌ನಲ್ಲೂ ಕಂಡರೆ ಅದೇ. ಸುಡಾನ್ ಬ್ಲ್ಯಾಕ್ ಬಿ ಹಾಕಿ ತಗ್ಗಿಸಬಹುದು, ಇಲ್ಲವೇ ಡಿಎಬಿಗೆ ಹೋಗಿ.

ಸ್ಟ್ರಯೇಟಂನಲ್ಲಿ ಡ್ಯಾಟ್ ಕೋಶ ಎಣಿಸಬೇಕಂತೆ, ಗೈಡ್ ಹೇಳಿದರು.

ಅಲ್ಲಿರುವುದು ತುದಿಗಳ ಬಲೆ, ಕೋಶದ ಮೈ ಅಲ್ಲ. ಬಲೆಯ ಕಣ್ಣು ಎಣಿಸಿದ ಹಾಗಾಯಿತು. ಅಲ್ಲಿ ಬಣ್ಣದ ದಟ್ಟಣೆ ಅಳೆಯಿರಿ, ಅದೇ ಸೆಕ್ಷನ್‌ನ ಕಾರ್ಪಸ್ ಕಲೋಸಂ ಅಳತೆಯನ್ನು ಹಿನ್ನೆಲೆ ಎಂದು ಕಳೆಯಿರಿ. ಕೋಶ ಎಣಿಸಬೇಕಾದರೆ ಸಬ್‌ಸ್ಟಾನ್ಶಿಯಾ ನೈಗ್ರಾಕ್ಕೆ ಹೋಗಿ, ಅಲ್ಲಿ ಟೈರೋಸಿನ್ ಹೈಡ್ರಾಕ್ಸಿಲೇಸ್ (ಡೋಪಮೈನ್ ತಯಾರಿಗೆ ಬೇಕಾದ ಕಿಣ್ವ) ಆಂಟಿಬಾಡಿ ಹಾಕಿ. ಎಲ್ಲ ಗುಂಪಿನ ಪ್ರಾಣಿಗಳನ್ನೂ ಒಂದೇ ದಿನ, ಒಂದೇ ಡಿಎಬಿ ದ್ರಾವಣದಲ್ಲಿ, ಗಡಿಯಾರ ಹಿಡಿದು ಮಾಡಿ. ಸೋಮವಾರ ಕಂಟ್ರೋಲ್, ಬುಧವಾರ ಔಷಧಿ ಕೊಟ್ಟವು ಎಂದು ಮಾಡಿದರೆ ನೀವು ಅಳೆದದ್ದು ಸೋಮವಾರ ಮತ್ತು ಬುಧವಾರದ ವ್ಯತ್ಯಾಸ.

ಡ್ಯಾಟ್ ಕಡಿಮೆ ಕಂಡ ಕೂಡಲೇ ಕೋಶ ಸತ್ತಿದೆ ಎಂದೂ ಬರೆಯಬೇಡಿ. ಕೋಶ ಬದುಕಿದ್ದೇ ಡ್ಯಾಟ್ ಕಡಿಮೆ ಮಾಡಿಕೊಂಡಿರಬಹುದು.

ಮೀನಿನ ಮೆದುಳಿಗೆ ಆಗ್ತದಾ?

ಬೇರೆ ಊರಲ್ಲಿ ಈ ಪ್ರಶ್ನೆ ಬರುತ್ತದೋ ಇಲ್ಲವೋ, 1969ರಿಂದ ಮೀನುಗಾರಿಕೆ ಕಾಲೇಜು ಇರುವ ಮಂಗಳೂರಿನಲ್ಲಿ ಬಂದೇ ಬರುತ್ತದೆ. ಜೀಬ್ರಾಫಿಶ್‌ಗೂ ಡ್ಯಾಟ್ ಜೀನ್ ಇದೆ. ಆದರೆ ಸಸ್ತನಿಗಳಿಗೆಂದು ಮಾಡಿದ ಆಂಟಿಬಾಡಿ ಅಲ್ಲಿ ಅಂಟುತ್ತದೆ ಎಂದು ಭರವಸೆ ಇಲ್ಲ. ಮೊದಲು ಆಂಟಿಬಾಡಿ ಅಂಟುವ ತುಂಡಿನ ಅನುಕ್ರಮವನ್ನು ನಿಮ್ಮ ಮೀನಿನ ಜೊತೆ ಹೋಲಿಸಿ. ಇನ್ನೊಂದು, ರ‍್ಯಾಟ್‌ನ ನಕ್ಷೆ ಹಿಡಿದು ಹೋಗಬೇಡಿ. ಜೀಬ್ರಾಫಿಶ್‌ನ ನಡುಮೆದುಳಿನಲ್ಲಿ ಡೋಪಮೈನ್ ಕೋಶಗಳೇ ಇಲ್ಲ, ಅವು ಇರುವುದು ಇನ್ನೂ ಮುಂದೆ.

ಒಪ್ಪಿಗೆ ಯಾರದ್ದು ಬೇಕು? ಮನುಷ್ಯರ ಮೆದುಳು ಸಿಗುತ್ತದಾ?

ಪ್ರಾಣಿಗೆ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆರ್ಡರ್ ಕೊಡುವ ಮೊದಲೇ. ಮನುಷ್ಯರ ಅಂಗಾಂಶಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಭಂಡಾರ ಇದೆ. ನಿಮ್ಮ ಮಾನವ ನೈತಿಕ ಸಮಿತಿಯ ಪತ್ರ ಹಿಡಿದು ಅಲ್ಲಿಗೆ ಬರೆಯಿರಿ. ಫಾರ್ಮಾಲಿನ್‌ನಲ್ಲಿ ಬಹಳ ಕಾಲ ಇದ್ದ ಮೆದುಳಿಗೆ ಸಿಟ್ರೇಟ್ ಬಫರ್, ಪಿಎಚ್ 6, ಬಿಸಿ ಮಾಡಿ ಜಾಗ ತೆರೆಸಬೇಕಾಗುತ್ತದೆ.

ನಮ್ಮ ಅಪ್ಪನಿಗೆ ಕೈ ನಡುಗುತ್ತದೆ. ಈ ಆಂಟಿಬಾಡಿ ಟೆಸ್ಟ್ ಮಾಡಿಸಬಹುದಾ?

ಇದನ್ನು ಕೇಳಿದ್ದು ಸ್ಟೂಡೆಂಟ್ ಅಲ್ಲ, ನಮ್ಮ ಕ್ಯಾಂಟೀನಿನಲ್ಲಿ ಚಹಾ ಕೊಡುವವರು. ಇಲ್ಲ, ಇದು ಕೊಯ್ದ ಮೆದುಳಿನ ಮೇಲೆ ಮಾತ್ರ ನಡೆಯುವ ಕೆಲಸ. ರಕ್ತ ಕೊಟ್ಟರೆ ಇದರಲ್ಲಿ ಏನೂ ಗೊತ್ತಾಗುವುದಿಲ್ಲ. ಬದುಕಿರುವವರ ಮೆದುಳಿನಲ್ಲಿ ಡ್ಯಾಟ್ ನೋಡುವ ಸ್ಕ್ಯಾನ್ ಬೇರೆ ಇದೆ, ನಮ್ಮ ದೇಶದಲ್ಲಿ ಟ್ರೊಡ್ಯಾಟ್ ಎಂಬ ಹೆಸರಲ್ಲಿ ಮಾಡುತ್ತಾರೆ. ಅದರಲ್ಲಿ ಆಂಟಿಬಾಡಿ ಅಲ್ಲ, ಡ್ಯಾಟ್‌ಗೆ ಅಂಟುವ ಚಿಕ್ಕ ವಿಕಿರಣ ವಸ್ತು. ಅದು ಬೇಕೋ ಬೇಡವೋ ಎಂದು ನರರೋಗ ತಜ್ಞರು ಹೇಳಬೇಕು, ಎಷ್ಟೋ ಸಲ ಅವರು ಕೈಕಾಲು ನೋಡಿಯೇ ಗುರುತಿಸುತ್ತಾರೆ. ನಡುಕ ಅಂದ ಕೂಡಲೇ ಪಾರ್ಕಿನ್ಸನ್ ಅಲ್ಲ.

ನಸುಗುನ್ನಿ ಬೀಜದ ಪುಡಿ ಕೊಡಬಹುದಾ ಅಂತಲೂ ಅವರು ಕೇಳಿದರು. ಅದರಲ್ಲಿ ಲೆವೊಡೋಪಾ ಇರುವುದು ನಿಜ. ಅದಕ್ಕೇ ಡಾಕ್ಟರ್‌ಗೆ ಹೇಳದೆ ಕೊಡಬಾರದು. ಮಾತ್ರೆಯ ಜೊತೆ ಸೇರಿದರೆ ಡೋಸ್ ಎಷ್ಟಾಯಿತು ಎಂದು ಯಾರಿಗೂ ಲೆಕ್ಕ ಸಿಗುವುದಿಲ್ಲ.

ಥೀಸಿಸ್‌ನಲ್ಲಿ ಆಂಟಿಬಾಡಿ ಬಗ್ಗೆ ಎಷ್ಟು ಬರೆಯಬೇಕು?

ಕಂಪನಿ, ಕ್ಯಾಟಲಾಗ್ ನಂಬರ್, ಕ್ಲೋನ್, ಯಾವ ಪ್ರಾಣಿಯಲ್ಲಿ ಮಾಡಿದ್ದು, ಪ್ರೋಟೀನಿನ ಯಾವ ತುಂಡು, ಡೈಲ್ಯೂಶನ್, ಎಷ್ಟು ಹೊತ್ತು, ಯಾವ ಕಂಟ್ರೋಲ್. ಆರ್‌ಆರ್‌ಐಡಿ ಎಂಬ ಗುರುತಿನ ಸಂಖ್ಯೆ ಇದ್ದರೆ ಅದೂ. ಮತ್ತೆ ಲಾಟ್ ನಂಬರ್. ಅದು ಟ್ಯೂಬಿನ ಮೇಲೆ ಇರುವೆ ಸಾಲಿನಷ್ಟು ಸಣ್ಣಗೆ ಇರುತ್ತದೆ. ಫ್ರೀಜರಿನ ಹಿಮ, ಗ್ಲೌಸಿನ ನೀರು ತಾಗಿ ಆರು ತಿಂಗಳಲ್ಲಿ ಅಳಿಸಿಹೋಗುತ್ತದೆ. ಬರೆಯಲು ಕೂತಾಗ ನನಗೆ ಫೋನ್ ಮಾಡಿ "ಅಣ್ಣ, ಆ ನಂಬರ್ ಉಂಟಾ?" ಅನ್ನುತ್ತೀರಿ. ಟ್ಯೂಬ್ ಬಂದ ದಿನವೇ ಫೋಟೋ ತೆಗೆದಿಡಿ.